ಹದಿನೇಳನೇ ನಂಬರಿನ ಆಡು

ಬ್ಯಾಡಗಿ
12 ಜೂನ್ 1988

ಅಲ್ರೀ ಅಕ್ಕಾರ, ಆಡು ತಿನ್ನೂದು ಜಾಲಿ ಸೊಪ್ಪು, ಬೇಲಿ ಬಳ್ಳಿ. ಮನಷ್ಯಾರ ಜ್ವಾಳಕ್ಕ ಅದು ಯಾವಾಗ ಬಾಯಿ ಹಾಕೇತಿ? ಇದನ್ನ ಆ ಪ್ರೊಫೆಸರಗ ನೀವ್ಯಾಕ ಹೇಳಲಿಲ್ಲ? ಹೋದ ವಾರ ನಿಮ್ಮ ಅಂಕಣಕ್ಕ ಅವರು ಬರದಾರ: "ಹಸಿದ ಜಗತ್ತಿನಲ್ಲಿ ಪ್ರಾಣಿ ಸಾಕುವುದೆಂದರೆ ಹತ್ತು ಜನರ ಅನ್ನವನ್ನು ಒಂದು ಬಾಯಿಗೆ ಹಾಕಿ ಒಂದು ಲೋಟ ಹಾಲು ಪಡೆಯುವುದು." ನೀವು ಭಾಳ ಸೌಮ್ಯ ಉತ್ತರ ಕೊಟ್ಟೀರಿ. ನಾ ಆಗಿದ್ರ ಅವರನ್ನ ಒಂದಿನ ನಮ್ಮ ಓಣಿ ಆಡಿನ ಬೆನ್ನ ಹತ್ತಿ ಅಡ್ಡಾಡಿಸ್ತಿದ್ದೆ.

ನಾ ಯಾರಂತ ಹೇಳೂದ ಮರ್ತೆ. ನನ್ನ ಹೆಸರು ಜೈತೂನಬಿ. ನಮ್ಮಪ್ಪ ಗೂಡುಸಾಬ, ಸ್ಟೇಷನ್ ರೋಡಿನ್ಯಾಗ ಸೈಕಲ್ ರಿಪೇರಿ ಅಂಗಡಿ ಇಟ್ಟಾರ. ನಾ ಹಾವೇರಿ ಕಾಲೇಜಿನ್ಯಾಗ ಬಿ.ಎ. ಎರಡನೇ ವರ್ಷ. ನಿಮ್ಮ 'ಹಸಿದವರ ಪಂಕ್ತಿ' ಅಂಕಣ ಶುರು ಆದಾಗಿಂದ ಒಂದೂ ವಾರ ಬಿಟ್ಟಿಲ್ಲ. ವಾಚನಾಲಯದ ಪ್ರತಿ ಕತ್ತರಸಾಕ ಬರಂಗಿಲ್ಲ, ಅದಕ್ಕ ಪೂರಾ ಕೈಯಿಂದ ಬರಕೊಂಡು ಇಟ್ಟೇನಿ. ನಮ್ಮವ್ವ ಅಂತಾಳ, "ಪರೀಕ್ಷಾದ ಪುಸ್ತಕ ಇಷ್ಟು ಬರದಿದ್ರ ನೀ ಕಲೆಕ್ಟರ್ ಆಗ್ತಿದ್ದಿ."

ನೀವು ಹಾವೇರಿಯೊಳಗ ಹುಟ್ಟಿದವರು ಅಂತ ಓದಿ ಎಷ್ಟು ಖುಷಿ ಆತು. ಆದ್ರ ಒಂದು ತಕರಾರ. ನಿಮ್ಮ ಸಂಸ್ಥೆಯಿಂದ ಮೇಡ್ಲೇರಿಗೆ ಆಡು ಕೊಟ್ರಿ, ಗಳಗನಾಥಕ್ಕ ಕೊಟ್ರಿ. ಬ್ಯಾಡಗಿ ಏನ್ ತಪ್ಪ ಮಾಡೇತಿ? ಬ್ಯಾಡಗಿ ಅಂದ್ರ ಬರೇ ಮೆಣಸಿನಕಾಯಿ ದಲಾಲರು ಅಂತ ತಿಳದೀರೇನು? ಇಲ್ಲೂ ರೊಟ್ಟಿ ಮ್ಯಾಲ ನೀರು ಕುಡದು ಮಲಗೋರು ಇದಾರ್ರಿ. ನಾ ಓಡಾಡ್ತೇನಿ, ಫಾರ್ಮ ತುಂಬ್ತೇನಿ, ವಾರವಾರ ಪತ್ರ ಬರೀತೇನಿ. ನಂಗ ಒಂದು ಪೈಸಾ ಬ್ಯಾಡ. ನಿಮ್ಮ ಕೈಬರಹದ ಒಂದು ಉತ್ತರ ಸಾಕು.

ನಿಮ್ಮ ಅಭಿಮಾನಿ,
ಜೈತೂನಬಿ


ಪುಣೆ
25 ಜೂನ್ 1988

ಚಿ. ಜೈತೂನಬಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೆಯ ಸಲ, ಈ ಹುಡುಗಿ ನಮಗೆ ಬೇಕು ಅನ್ನಿಸಿತು. ನಮ್ಮ ಕಡೆಯ ಮಾತು ಓದಿ ಎಷ್ಟೋ ವರ್ಷವಾಗಿತ್ತು. ನನಗೆ ಯಾವಾಗಲೂ ಹೀಗೆಯೇ ಬರೆ. ಪುಸ್ತಕದ ಭಾಷೆ ಬೇಡ.

ಬ್ಯಾಡಗಿಗೆ ಒಂದು ಆಡು ಕೊಟ್ಟು ನೋಡೋಣ. ಚೆನ್ನಾಗಿ ನಡೆದರೆ ಮುಂದೆ ಹತ್ತು. ಆದರೆ ನಿಯಮಗಳು ಕಠಿಣ, ಮೊದಲೇ ಹೇಳುತ್ತೇನೆ. ಹಾಲು ಮನೆಯವರೇ ಕುಡಿಯಬೇಕು, ಮಾರಕೂಡದು. ಆಡನ್ನು ಮಾರುವುದಾಗಲಿ ಕೊಯ್ಯುವುದಾಗಲಿ ಇಲ್ಲ. ಮನೆಯ ಹೆಂಗಸು ಹೊರಗೆ ದುಡಿಯಲು ಹೋಗುವವಳಾಗಿರಬಾರದು, ಏಕೆಂದರೆ ಇವು ಸೀಮೆ ಜಾತಿಯ ಆಡುಗಳು, ಮಧ್ಯಾಹ್ನ ಯಾರಾದರೂ ನೀರು ನೆರಳು ನೋಡಲೇಬೇಕು. ಮೇಡ್ಲೇರಿಯಲ್ಲಿ ಈ ಕೊನೆಯ ನಿಯಮ ಸಡಿಲಿಸಿ ಎರಡು ಆಡು ಕಳೆದುಕೊಂಡೆವು. ಕೊಟ್ಟವರು ಹಾಲೆಂಡಿನಲ್ಲಿ ಕುಳಿತ ಮುದುಕಿಯರು, ತಮ್ಮ ಪಿಂಚಣಿಯಿಂದ ಕೊಟ್ಟವರು. ಅವರಿಗೆ ನಾನು ಮುಖ ತೋರಿಸಬೇಕಲ್ಲ.

ಫಾರ್ಮು ಕಳಿಸಿದ್ದೇನೆ. ಒಳ್ಳೆಯ ಮನೆ ಹುಡುಕು.

ಸರಸ್ವತೀಬಾಯಿ


ಬ್ಯಾಡಗಿ
9 ಜುಲೈ 1988

ಅಕ್ಕಾರಿಗೆ ಸಲಾಮ.

ನಿಮ್ಮ ಪತ್ರ ಬಂದಿದ್ದು ಓಣಿಗೆಲ್ಲ ಗೊತ್ತಾಗೇತಿ. ನಮ್ಮಪ್ಪ ಪಂಕ್ಚರ್ ಹಾಕಿಸಾಕ ಬಂದವರಿಗೆಲ್ಲ ಲಕೋಟಿ ತೋರಿಸ್ಯಾನ, ಅದರ ಮ್ಯಾಲ ಈಗ ಗ್ರೀಸಿನ ಬಟ್ಟು.

ಮನಿ ಸಿಕ್ಕೇತಿ. ಹೆಸರು ಮರಿಯವ್ವ. ನಮ್ಮ ಹಿತ್ತಲ ಗ್ವಾಡಿಗೆ ಹತ್ತಿದ ಮನಿ. ವಯಸ್ಸು ಇಪ್ಪತ್ತೆಂಟು ಇದ್ದೀತು. ಗಂಡ ಹಮಾಲಿ ಮಾಡ್ತಿದ್ದ, ಮೂರು ವರ್ಷದ ಹಿಂದ ತೀರಿಕೊಂಡ. ಎರಡು ಹೆಣ್ಣಮಕ್ಕಳು, ಒಬ್ಬಾಕಿ ಅತ್ತಿ. ಅತ್ತಿಗೆ ಕಣ್ಣು ಅಷ್ಟಕ್ಕಷ್ಟ, ಬಾಯಿ ಮಾತ್ರ ಗಟ್ಟಿ. ಸಣ್ಣ ಹುಡುಗಿಗೆ ಐದು ವರ್ಷ, ನೋಡಿದ್ರ ಮೂರು ಅಂತೀರಿ.

ಆಡಿನ ಮಾತು ತಗದಾಗ ಮರಿಯವ್ವ ಕೇಳಿದ್ಲು, "ಆಡು ಕೊಟ್ಟು ಅವರು ಏನ್ ತಗೋತಾರವಾ?"

"ಏನೂ ಇಲ್ಲ."

"ಏನೂ ತಗೋಳದ ಕೊಡಾವ ದೇವ್ರು. ಇಲ್ಲಾ ಓಟು ಕೇಳಾಕ ಬರಾವ. ನಿಮ್ಮ ಬಾಯಾರು ಯಾವ ಪೈಕಿ?"

ನಾ ನಿಮ್ಮ ಅಂಕಣ ಓದಿ ತೋರಿಸಿದೆ. ಆಮೇಲೆ, "ಸಣ್ಣಾಕಿ ಕಾಲಾಗ ಶಕ್ತಿ ಬಂದ್ರ ಸಾಕು" ಅಂದ್ಲು.

ಫಾರ್ಮ ತುಂಬೇನಿ. ಹೊರಗ ದುಡೀತಾಳೇನು ಅನ್ನೂ ಕಡೆ "ಇಲ್ಲ, ಈಗ ಮನ್ಯಾಗ ಇರ್ತಾಳ" ಅಂತ ಬರದೇನಿ. ಲಗೂ ಕಳಸ್ರಿ ಅಕ್ಕಾರ.

ಜೈತೂನಬಿ


ಬ್ಯಾಡಗಿ
18 ಸೆಪ್ಟೆಂಬರ್ 1988

ಅಕ್ಕಾರ, ಬಂತ್ರಿ ಬಂತು. ಟೆಂಪೋದಾಗ ಬಂತು, ಕಿವ್ಯಾಗ 17 ಅಂತ ಹಿತ್ತಾಳಿ ಬಿಲ್ಲೆ. ಬೆಳ್ಳಗ ಅಂದ್ರ ಬೆಳ್ಳಗ. ಓಣಿಯವರು ಅದಕ್ಕ 'ದೊರಿಸಾನಿ' ಅಂತ ಹೆಸರಿಟ್ಟಾರ. ನಿಮ್ಮ ಸಂಸ್ಥೆಯ ವಿರೂಪಾಕ್ಷಪ್ಪನವರು ತಾವ ಬಂದು ಕಟ್ಟಿಸಿ, ಹೆಂಗ ಹಿಂಡಬೇಕು ಅಂತ ತೋರಿಸಿ ಹೋದ್ರು. ಮರಿಯವ್ವ ಮುಸಿಮುಸಿ ನಕ್ಕಳು. ಆಕಿ ತವರಮನ್ಯಾಗ ಹನ್ನೆರಡು ಆಡು ಇದ್ದುವಂತ. ಇವರು ಪ್ಯಾಂಟ ಹಾಕ್ಕೊಂಡು ಕುಂತು ಆಕಿಗೆ ಹಿಂಡೂದು ಕಲಿಸ್ಯಾರ.

ಮುಂಜಾನೆ ಒಂದು ತಂಬಗಿ, ಸಂಜಿಗೆ ಒಂದು ತಂಬಗಿ. ಎರಡು ಲೀಟರಿಗೆ ಕಮ್ಮಿ ಇಲ್ಲ. ಸಣ್ಣಾಕಿ ಕುಡದು ಮೀಸಿ ಮಾಡಿಕೊಂಡು ಓಣಿ ತುಂಬ ತೋರಿಸಿ ಬರ್ತಾಳ. ಅತ್ತಿ ಅಂತಾಳ, "ನಂಗ ಕಣ್ಣು ಕಾಣಂಗಿಲ್ಲ ಅಂತ ಇಷ್ಟ ವರ್ಷ ತಿಳದಿದ್ದೆ. ಚಾದಾಗ ಹಾಲ ಇರಲಿಲ್ಲ ಅಷ್ಟ."

ನೀವು ಬರದಿದ್ರಿ: "ಜಗತ್ತಿನ ಹಸಿವನ್ನು ಒಂದೊಂದೇ ಮನೆಯಿಂದ ಒರೆಸಬೇಕು." ನಾ ಕಣ್ಣಾರೆ ನೋಡಿದೆ ಅಕ್ಕಾರ. ಒಂದು ಮನಿ ಒರಸೇವಿ.

ಜೈತೂನಬಿ


ಪುಣೆ
20 ನವೆಂಬರ್ 1988

ಚಿ. ಜೈತೂನಬಿಗೆ ಆಶೀರ್ವಾದಗಳು.

ನಿನ್ನ ಪತ್ರಗಳನ್ನು ಸಂಸ್ಥೆಯ ಸಭೆಯಲ್ಲಿ ಓದಿದೆ. 'ಹಾಲಿನ ಮೀಸೆ'ಯನ್ನು ಇಂಗ್ಲಿಷಿಗೆ ತಿರುಗಿಸಿ ಹಾಲೆಂಡಿಗೂ ಕಳಿಸಿದೆವು. ಅಲ್ಲಿಂದ ಒಬ್ಬ ಅಜ್ಜಿ ಇನ್ನೂ ಎರಡು ಆಡಿಗೆ ಹಣ ಕಳಿಸಿದ್ದಾಳೆ. ನೋಡು, ನಿನ್ನ ಒಂದು ಸಾಲಿಗೆ ಎಷ್ಟು ಹಾಲು.

ಇನ್ನೊಂದು ವಿಷಯ. ಮಾರ್ಚಿ ತಿಂಗಳಲ್ಲಿ ನನ್ನ ಅಂಕಣದ ಪಕ್ಕದಲ್ಲಿ ನಿನ್ನದೊಂದು ಬರಹ ಹಾಕಿಸುತ್ತೇನೆ. 'ಬ್ಯಾಡಗಿಯ ಪತ್ರ' ಎಂದು, ನಿನ್ನ ಹೆಸರಿನಲ್ಲಿ. ಸಂಪಾದಕರು ಒಪ್ಪಿದ್ದಾರೆ. ಚೆನ್ನಾಗಿ ಬರೆದು ಕಳಿಸು. ಮರಿಯವ್ವ ಆಡಿನ ಜೊತೆ ನಿಂತ ಒಂದು ಫೋಟೋ ಬೇಕು.

ಸರಸ್ವತೀಬಾಯಿ


ಬ್ಯಾಡಗಿ
22 ಜನವರಿ 1989

ಅಕ್ಕಾರಿಗೆ ಸಲಾಮ.

ಬರಹ ಕಳಸೇನಿ. ಏಳು ಸಲ ತಿದ್ದೇನಿ. ಎಲ್ಲರ ತಪ್ಪಿದ್ರ ನೀವ ಸರಿ ಮಾಡ್ರಿ, ಆದ್ರ ಗೂಡುಸಾಬರ ಮಗಳು ಅನ್ನೂದನ್ನ ಮಾತ್ರ ತಗೀಬ್ಯಾಡ್ರಿ. ನಮ್ಮಪ್ಪ ಈಗಿಂದನ ಹತ್ತು ಪ್ರತಿ ಬೇಕಂತ ಹೇಳಿಟ್ಟಾನ.

ಫೋಟೋ ಆಗಿಲ್ರಿ. ಮರಿಯವ್ವಗ ಪುರಸೊತ್ತು ಆಗವೊಲ್ದು. ಹಾಲು ಸ್ವಲ್ಪ ಕಮ್ಮಿ ಆಗೇತಿ. ಎರಡು ಹೊತ್ತು ಕೂಡಿ ಅರ್ಧಾ ತಂಬಗಿ. ಆಡು ಒದೀತೈತಿ. ಥಂಡಿ ಕಾರಣ ಇರಬೇಕು.

ಮಾರ್ಚಿ ಮೊದಲನೇ ವಾರನೋ, ನಡುವಿನ ವಾರನೋ?

ಜೈತೂನಬಿ


ಪುಣೆ
3 ಫೆಬ್ರುವರಿ 1989

ಜೈತೂನಬಿಗೆ ಆಶೀರ್ವಾದಗಳು.

ವಿರೂಪಾಕ್ಷಪ್ಪನವರು ಜನವರಿ 28ರಂದು ಬ್ಯಾಡಗಿಗೆ ಹೋಗಿದ್ದರು. ಮಧ್ಯಾಹ್ನ ಮನೆಗೆ ಬೀಗ. ಮುದುಕಿ ಕಟ್ಟೆಯ ಮೇಲೆ ಕುಳಿತು, ಸೊಸೆ ಎಲ್ಲಿ ಎಂದರೆ "ಇಲ್ಲೇ ಎಲ್ಲೋ" ಎನ್ನುತ್ತಾಳೆ. ಸಂಜೆಯವರೆಗೆ ಕಾದು ಮರಿಯವ್ವನನ್ನು ಕೇಳಿದರೆ ಅವಳು ನೆಲ ನೋಡಿದಳಂತೆ. ಎಲ್ಲಿ ಹೋಗಿದ್ದೆ ಎಂಬುದಕ್ಕೆ ಉತ್ತರವಿಲ್ಲ. ಹಾಲು ಎಲ್ಲಿ ಎಂಬುದಕ್ಕೂ ಉತ್ತರವಿಲ್ಲ. ಆಡಿಗೆ ರೋಗವಿಲ್ಲ, ಮೈಕೈ ತುಂಬಿಕೊಂಡಿದೆ.

ಸ್ಟೇಷನ್ನಿನ ಹತ್ತಿರ ಚಹಾದಂಗಡಿಗಳು ಬಹಳ ಎಂದು ಅವರು ಹೇಳುತ್ತಾರೆ. ನಾನು ನಿನ್ನನ್ನು ನೇರವಾಗಿ ಕೇಳುತ್ತೇನೆ. ಅವಳು ಹಾಲು ಮಾರುತ್ತಿದ್ದಾಳೆಯೇ? ನೀನು ಪಕ್ಕದ ಮನೆಯವಳು. ನಿನಗೆ ಗೊತ್ತಿಲ್ಲದೆ ಇರಲಾರದು.

ಸರಸ್ವತೀಬಾಯಿ


ಬ್ಯಾಡಗಿ
11 ಫೆಬ್ರುವರಿ 1989

ಅಕ್ಕಾರಿಗೆ ಸಲಾಮ.

ನಂಗ ಖಾತ್ರಿ ಇಲ್ರಿ. ನಾ ಮುಂಜಾನೆ ಬಸ್ಸಿಗೆ ಕಾಲೇಜಿಗೆ ಹೋದ್ರ ಸಂಜಿಗೆ ಬರ್ತೇನಿ. ಮಾರೂದನ್ನ ನಾ ಕಣ್ಣಿಲೆ ನೋಡಿಲ್ಲ.

ಪರೀಕ್ಷಾ ಹತ್ರ ಬಂದಾವು. ಅದಕ್ಕ ಸಣ್ಣ ಪತ್ರ.

ಜೈತೂನಬಿ


ಪುಣೆ
6 ಮಾರ್ಚ್ 1989

ಚಿ. ಜೈತೂನಬಿಗೆ ಆಶೀರ್ವಾದಗಳು.

ನಿನ್ನ ಸಂಕಟ ನನಗೆ ತಿಳಿಯಿತು. ನೆರೆಯವಳ ಮೇಲೆ ದೂರು ಹೇಳುವುದು ಸುಲಭವಲ್ಲ. "ಕಣ್ಣಿಲೆ ನೋಡಿಲ್ಲ" ಎಂದು ನೀನು ಬರೆದದ್ದರಲ್ಲಿ ನಾನು ಓದಬೇಕಾದ್ದನ್ನು ಓದಿಕೊಂಡೆ.

ಫೆಬ್ರುವರಿ 20ರಂದು ಆಡನ್ನು ಅಲ್ಲಿಂದ ತರಿಸಿ ಕರ್ಜಗಿಯ ಪ್ರಭುಲಿಂಗಪ್ಪನವರ ಮನೆಗೆ ಕೊಟ್ಟೆವು. ಅವರು ತೀರ ಬಡವರಲ್ಲ, ನಿಜ. ಸ್ವಂತ ಬಾವಿ ಇದೆ. ಆದರೆ ಆಡಿಗೂ ಒಂದು ಒಳ್ಳೆಯ ಮನೆ ಬೇಕಲ್ಲ. ಕೇಳು, ನಾಲ್ಕನೆಯ ದಿನಕ್ಕೇ ಅದೇ ಆಡು ಒಂದೂವರೆ ಲೀಟರ್ ಕೊಟ್ಟಿತು. ಒದೆಯುವುದಿಲ್ಲ, ಕೊಸರುವುದಿಲ್ಲ. ಇನ್ನು ಯಾವ ಸಾಕ್ಷಿ ಬೇಕು?

ಮಾರ್ಚ್ 19ರ ಸಂಚಿಕೆಯಲ್ಲಿ ಇದನ್ನೇ ಬರೆದಿದ್ದೇನೆ. ಎರಡು ಮನೆ, ಒಂದು ಆಡು. ದಾನದ ಜೊತೆ ಹದ್ದಿನ ಕಣ್ಣೂ ಬೇಕು ಎಂದು. ಹೆಸರು ಹಾಕಿದ್ದೇನೆ, ಹೆಸರಿಲ್ಲದ ಮಾತಿಗೆ ತೂಕವಿರುವುದಿಲ್ಲ. ಅದೇ ಪುಟದಲ್ಲಿ ನಿನ್ನ ಬರಹವೂ ಬರುತ್ತದೆ, ಗೂಡುಸಾಬರ ಮಗಳು ಎಂದೇ.

ಸರಸ್ವತೀಬಾಯಿ


ಬ್ಯಾಡಗಿ
2 ಏಪ್ರಿಲ್ 1989

ಅಕ್ಕಾರ,

ಪರೀಕ್ಷಾ ಮುಗದಾವು. ಇನ್ನ ನೆವ ಇಲ್ಲ. ಬರೀತೇನಿ.

ಮರಿಯವ್ವ ಹಾಲು ಮಾರಿಲ್ಲ. ಆಕಿ ಮಧ್ಯಾಹ್ನ ಹೋಗ್ತಿದ್ದದ್ದು ದಲಾಲ ನಿಜಲಿಂಗಪ್ಪನ ಅಂಗಳಕ್ಕ, ಮೆಣಸಿನಕಾಯಿ ತೊಟ್ಟು ಮುರಿಯಾಕ. ಡಿಸೆಂಬರಿನಿಂದ ಮೇ ತನಕಾ ನಮ್ಮ ಓಣಿ ಹೆಂಗಸೂರೆಲ್ಲ ಅಲ್ಲೇ. ಆಕಿ ಎಂಟು ವರ್ಷದಿಂದ ಹೋಗ್ತಾಳ. ಇದು ನಂಗ ಫಾರ್ಮ ತುಂಬೂ ಮುಂದನ ಗೊತ್ತಿತ್ತು. ಜುಲೈದಾಗ ಕೆಲಸ ಇರಂಗಿಲ್ಲ, ಅದಕ್ಕ "ಈಗ ಮನ್ಯಾಗ ಇರ್ತಾಳ" ಅಂತ ಬರದೆ. ಹಂಗ ಬರದ್ರ ಸುಳ್ಳ ಆಗಂಗಿಲ್ಲ ಅಂತ ನನ್ನ ಶಾಣ್ಯಾತನ. ಖರೇ ಬರದಿದ್ರ ನೀವು ಆಡು ಕೊಡ್ತಿರಲಿಲ್ಲ, ನಂಗ ಎರಡನೇ ಪತ್ರ ಬರೀತಿರಲಿಲ್ಲ.

ಆಕಿಗೂ ಹೇಳಿದ್ದೆ, "ಯಾರ ಕೇಳಿದ್ರೂ ಕೂಲಿಗೆ ಹೋಗ್ತೇನಿ ಅನಬ್ಯಾಡ." ವಿರೂಪಾಕ್ಷಪ್ಪನವರ ಮುಂದ ಆಕಿ ನೆಲ ನೋಡಿದ್ದು ಅದಕ್ಕ. ನನ್ನ ಮಾತು ಉಳಿಸಿದ್ಲು.

ಆದ್ರ ಹಾಲು ಯಾಕ ನಿಂತು ಅನ್ನೂದು ನಂಗೂ ತಿಳದಿರಲಿಲ್ಲ. ಆಡು ಒಯ್ದ ಮ್ಯಾಲ, ಫೆಬ್ರುವರಿ 26ಕ್ಕ, ಸಮಾಧಾನ ಹೇಳಾಕ ಆಕಿ ಮನಿಗೆ ಹೋಗಿದ್ದೆ. ಆಕಿ ಅಂಗಳದಿಂದ ಬಂದು ಕೈ ತೊಳಕೊಂಡು ರೊಟ್ಟಿ ಬಡದು, ಮುರದು ನನ್ನ ಕೈಯಾಗ ಕೊಟ್ಲು. ಬರೇ ರೊಟ್ಟಿ, ಬೆಲ್ಲ. ಎರಡು ತುತ್ತಿಗೆ ತುಟಿ ಚುರುಚುರು ಅಂತು. ಅತ್ತಿ ನಕ್ಕು ಅಂದ್ಲು, "ನಮ್ಮ ಸೊಸಿ ರೊಟ್ಟಿಗೆ ಚಟ್ನಿ ಬೇಕಾಗಂಗಿಲ್ಲವಾ ಈ ದಿನದಾಗ. ಹುಡುಗೂರ ಮಾರಿ ನಾನ ತೊಳೀತೇನಿ. ಆಕಿ ಮುಟ್ಟಿದ್ರ ಕಣ್ಣು ಹಿಡಕೊಂಡು ಕುಣೀತಾವು."

ನಾ ಮರಿಯವ್ವನ ಕೈ ಹಿಡದು ನೋಡಿದೆ. ಮದರಂಗಿ ಹಚ್ಚಿದಂಗ ಕೆಂಪು.

"ಉರಿಯಂಗಿಲ್ಲೇನು ನಿಂಗ?" ಅಂದೆ.

"ಸೀಜನ್ನಿನ ಮೊದಲ ಹದಿನೈದು ದಿನ ಉರೀತಾವು. ಆಮ್ಯಾಲ ಗೊತ್ತ ಆಗಂಗಿಲ್ಲ. ತೊಳದೇನಲ್ಲ, ಬೂದಿ ಹಚ್ಚಿ ತಿಕ್ಕೇನಲ್ಲ."

"ಇದ ಕೈಯಿಂದ ಆಡು ಹಿಂಡ್ತಿದ್ದೇನು?"

ಆಕಿ ನನ್ನ ಮಾರಿ ನೋಡಿದ್ಲು. "ತವರಮನ್ಯಾಗ ಹಿಂಡ್ತಿದ್ದೆ. ಅಲ್ಲಿ ಮೆಣಸಿನಕಾಯಿ ಕೆಲಸ ಇರಲಿಲ್ಲ" ಅಂದ್ಲು. ಅಷ್ಟ.

ಅಕ್ಕಾರ, ನಮ್ಮ ಕಾಯಿ ಬಣ್ಣದ್ದು, ಖಾರದ್ದಲ್ಲ ಅಂತ ಬ್ಯಾಡಗಿ ಹುಡುಗೂರಿಗೆ ಮಗ್ಗಿಗಿಂತ ಮೊದಲ ಬಾಯಿಪಾಠ. ಪ್ಯಾಟಿಗೆ ಬಂದ ಮಂದಿಗೆಲ್ಲ ಅದನ್ನ ಹೇಳಿ ಮೀಸಿ ತಿರುವ್ತೇವಿ. ಅದಕ್ಕ ಓಣ್ಯಾಗ ಒಬ್ಬರಿಗೂ ಹೊಳೀಲಿಲ್ಲ. ಎಲ್ಲಾರ ಕೈಯೂ ಹಂಗ ಇದ್ರ ಯಾರ ಕೈ ನೋಡಿ ಯಾರು ತಿಳೀಬೇಕು? ದಿನಕ್ಕ ಒಂದು ಚೀಲ ಕಾಯಿ ಬೆರಳಿನ ಮ್ಯಾಲ ಹಾದು ಹೋದ್ರ ಬಣ್ಣದ್ದ ಆಗಲಿ, ಆಡಿನ ಮೊಲಿಗೆ ಉರಿ ಉರೀನ.

ಖಾತ್ರಿ ಮಾಡಿಕೊಳ್ಳಾಕ ಮಾರ್ಚಿ 2ಕ್ಕ ಅರ್ಧಾ ದಿನ ಆಕಿ ಬಾಜೂ ಕುಂತು ತೊಟ್ಟು ಮುರದೆ. ಕೈ ತೊಳಕೊಂಡು ಕರ್ಜಗಿ ಬಸ್ ಹತ್ತಿದೆ. ಪ್ರಭುಲಿಂಗಪ್ಪನವರ ಮನಿಯವರು ಹಿತ್ತಲದಾಗ ಆಡು ಹಿಂಡಾಕತ್ತಿದ್ರು, ಬಂಗಾರದಂಥ ಕೈ. ನಾ ಒಂದ ಸಲ ಹಿಂಡ್ತೇನಿ ಅಂತ ಕೇಳಿ ಕುಂತೆ. ಮುಟ್ಟಿ ಸ್ವಲ್ಪ ಹೊತ್ತಿಗೆ ಅದು ನನ್ನ ಮೊಣಕಾಲಿಗೆ ಒದ್ದು, ಹಗ್ಗ ಜಗ್ಗಿ ಒದರಾಕ ಹತ್ತಿತು. ಆ ಮನಿ ಅವ್ವಾರು "ನಿನ್ನ ಕೈ ಗುಣ ಸುಮಾರ ಐತಿ ಬಿಡವಾ" ಅಂತ ನಕ್ಕರು. ಮರಿಯವ್ವ ಎರಡು ತಿಂಗಳು ದಿನಾ ಎರಡು ಹೊತ್ತು ಆ ಆಡಿನ ಕೂಡ ಗುದ್ದಾಡ್ಯಾಳ. ಆಡೂ ಆಕಿ ಕೂಡ.

ಇನ್ನ ಕೆಟ್ಟದ್ದು ಕೇಳ್ರಿ. ಮಾರ್ಚಿ 2ಕ್ಕ ನಂಗ ಪೂರಾ ತಿಳದಿತ್ತು. 10ನೇ ತಾರೀಖಿಗೆ ನಿಮ್ಮ ಪತ್ರ ಬಂತು, ಆಕಿ ಹೆಸರು ಅಚ್ಚ ಆಗ್ತೈತಿ ಅಂತ. ತಾರ್ ಮಾಡಿದ್ರ ನಿಲ್ಲಿಸಬಹುದಿತ್ತು. ತಾರ್ ಆಫೀಸು ನಮ್ಮಂಗಡಿ ಎದುರಿಗೇ ಐತಿ. ಮಾಡಲಿಲ್ಲ. ಯಾಕಂದ್ರ ಅದ ಪುಟದಾಗ ನನ್ನ ಹೆಸರೂ ಇತ್ತು.

ಸಂಚಿಕಿ ಬಂತು. ನಮ್ಮಪ್ಪ ಹತ್ತು ಪ್ರತಿ ತಂದು ಹಂಚಿದ. ನನ್ನ ಬರಹ ಓದಿ ಅಂತ ಕೊಟ್ಟ ಪ್ರತಿಯೊಳಗ ಮಂದಿ ಬಾಜೂದನ್ನ ಓದಿದ್ರು. ಯಾರೋ ಕತ್ತರಿಸಿ ನಿಜಲಿಂಗಪ್ಪನ ಅಂಗಳದ ಬಾಗಲಕ್ಕ ಅಂಟಿಸ್ಯಾರ. ಅಲ್ಲಿ ಸಂಜಿ ಮುಂದ ಹೊರಗ ಬೀಳೂವಾಗ ಹೆಂಗಸೂರ ಉಡಿ ಝಾಡಿಸಿ ನೋಡ್ತಾರ, ಕಾಯಿ ಕದ್ದಾರೇನಂತ. ಎಂಟು ವರ್ಷದಾಗ ಮರಿಯವ್ವನ ಉಡಿಯಿಂದ ಒಂದು ಬೀಜ ಉದುರಿಲ್ಲ. ಮರದಿನ ನಿಜಲಿಂಗಪ್ಪ ಬಾಗಲದಾಗ ನಿಂತು, "ಪುಕ್ಕಟೆ ಕೊಟ್ಟ ಹಾಲ ಕದ್ದಾಕಿ ನನ್ನ ಕಾಯಿ ಬಿಡ್ತೀಯೇನು?" ಅಂದ. ಉಳದ ಅಂಗಳದವರೂ ಕರೀಲಿಲ್ಲ.

ನಾ ನಿಜಲಿಂಗಪ್ಪನ ಹತ್ರ ಹೋಗಿ ಎಲ್ಲಾ ಹೇಳಿದೆ, ಫಾರ್ಮಿನಾಗ ಸುಳ್ಳು ಬರದದ್ದೂ ಹೇಳಿದೆ. ಅಂವ ನಕ್ಕ. "ನಿನ್ನ ಮಾತು ಬಾಯಾಗ ಐತಿ ತಂಗಿ. ಆ ಬಾಯಾರ ಮಾತು ಅಚ್ಚಿನಾಗ ಐತಿ. ಅಚ್ಚಿನಾಗ ಬರಲಿ, ನಾಳೆನ ಒಳಗ ಕರಕೋತೇನಿ."

ಮರಿಯವ್ವ ಈಗ ಖರೇನ ಮನ್ಯಾಗ ಇರ್ತಾಳ. ನಾ ಫಾರ್ಮಿನಾಗ ಬರದದ್ದು ಈಗ ಖರೇ ಆತು.

ಎರಡು ಸಾಲು ಹಾಕ್ರಿ ಅಕ್ಕಾರ. ಆಕಿ ಕದ್ದಿಲ್ಲ ಅಂತ. ಸುಳ್ಳು ಬರದಾಕಿ ಜೈತೂನಬಿ ಅಂತನ ಹಾಕ್ರಿ. ಸೀಜನ್ ಇನ್ನೂ ಒಂದೂವರೆ ತಿಂಗಳು ಐತಿ.

ಜೈತೂನಬಿ


ಪುಣೆ
12 ಏಪ್ರಿಲ್ 1989

ಜೈತೂನಬಿ,

ನಿನ್ನ ಪತ್ರ ಓದಿದೆ. ನೀನು ಹೇಳಿದ್ದನ್ನು ನಂಬುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಆ ಸಾಲುಗಳನ್ನು ಹಾಕಲಾರೆ.

ಸಿಟ್ಟಾಗಬೇಡ, ಕೇಳು. ಮೇ ತಿಂಗಳಲ್ಲಿ ಹಾಲೆಂಡಿನಿಂದ ನಾಲ್ವರು ಬರುತ್ತಿದ್ದಾರೆ. ರಾಣೇಬೆನ್ನೂರು ತಾಲೂಕಿಗೆ ನಲವತ್ತು ಆಡು ಕೊಡುವ ಮಾತು ನಡೆದಿದೆ. ಮಾರ್ಚಿಯ ಆ ಲೇಖನವನ್ನು ಇಂಗ್ಲಿಷಿನಲ್ಲಿ ಓದಿಯೇ ಅವರು ಮುಂದೆ ಬಂದದ್ದು, ಇವರು ಕಣ್ಣಿಟ್ಟು ಕೊಡುತ್ತಾರೆ ಎಂದು. ಈಗ ನಾನು, ನಮ್ಮ ಕಣ್ಣೇ ತಪ್ಪಿತು, ಅರ್ಜಿಯೇ ಸುಳ್ಳು ಎಂದು ಬರೆದರೆ? ನಲವತ್ತು ಮನೆ, ಜೈತೂನಬಿ. ನೂರಕ್ಕೂ ಮಿಕ್ಕಿ ಮಕ್ಕಳು. ಒಬ್ಬಳ ಹೆಸರಿಗಾಗಿ ಅವರ ಬಾಯಿಂದ ಹಾಲು ಕಿತ್ತುಕೊಳ್ಳಲೇ? ನೀನೇ ನನ್ನ ಜಾಗದಲ್ಲಿ ಕುಳಿತು ಹೇಳು.

ನಾನು 'ಕಳ್ಳಿ' ಎಂದು ಬರೆದಿಲ್ಲ, ಪುಟ ತೆಗೆದು ನೋಡು. "ಹಾಲು ಬೇರೆ ದಾರಿ ಹಿಡಿಯಿತು" ಎಂದಷ್ಟೇ ಬರೆದೆ. ಉಳಿದದ್ದನ್ನು ಜನ ಓದಿಕೊಂಡರು. ಮತ್ತೆ, ಹೊರಗೆ ದುಡಿಯುವವಳಿಗೆ ಆಡು ಕೊಡಬಾರದೆಂಬ ನಿಯಮ ಇದ್ದೇ ಇತ್ತು. ನೀನು ನಿಜ ಬರೆದಿದ್ದರೆ ಈ ಯಾವುದೂ ಆಗುತ್ತಿರಲಿಲ್ಲ.

ನಿನ್ನ ಹೆಸರು ಹಾಕು ಅನ್ನುತ್ತೀ. ನಾಳೆ ನೌಕರಿಗೆ ಅರ್ಜಿ ಹಾಕುವ ಹುಡುಗಿ, ಸುಳ್ಳು ಬರೆದವಳೆಂದು ಅಚ್ಚಾಗಬೇಕೇ? ನಾನು ಅದನ್ನು ಮಾಡಲಾರೆ.

ಹುಚ್ಚಿ, ನಂಗೂ ಮನಸ್ಸು ಐತಿ. ಮರಿಯವ್ವಗ ಸದ್ದಿಲ್ದ ಇನ್ನೊಂದು ಆಡು ಕಳಸ್ತೇನಿ. ಫಾರ್ಮ ಬ್ಯಾಡ, ನಂಬರ ಬ್ಯಾಡ. ಹಿಂಡೂ ಮುಂದ ಕೈಗೆ ಎಣ್ಣಿ ಹಚ್ಚಿಕೊಂಡು ತೊಳಕೋ ಅಂತ ಹೇಳು. ಇಷ್ಟಕ್ಕ ಇದು ಮುಗೀಲಿ.

ಸರಸ್ವತೀಬಾಯಿ


ಬ್ಯಾಡಗಿ
24 ಏಪ್ರಿಲ್ 1989

ಶ್ರೀಮತಿ ಸರಸ್ವತೀಬಾಯಿಯವರಿಗೆ,

ಇದು ನಿಮ್ಮ ಅಂಕಣದಲ್ಲಿ ಅಚ್ಚಾಗಲೆಂದು ಬರೆದ ಪತ್ರ. ಆದ್ದರಿಂದ ಪುಸ್ತಕದ ಭಾಷೆಯಲ್ಲಿ ಬರೆದಿದ್ದೇನೆ. ಒಂದು ಪ್ರತಿಯನ್ನು ಸಂಪಾದಕರಿಗೂ ಕಳಿಸಿದ್ದೇನೆ. ನಿಮ್ಮ ಒಪ್ಪಿಗೆಯಿಲ್ಲದೆ ಅವರು ಹಾಕುವುದಿಲ್ಲ ಎಂಬುದು ನನಗೆ ಗೊತ್ತು.

ನೀವು ಕೊಡಹೊರಟ ಆಡಿನ ವಿಷಯವನ್ನು ಮರಿಯವ್ವನಿಗೆ ತಿಳಿಸಿದೆ. ಅವಳ ಉತ್ತರವನ್ನು ಅವಳ ಮಾತಿನಲ್ಲೇ ಕೊಡುತ್ತೇನೆ: "ಆಡು ಬ್ಯಾಡವಾ. ಆಡು ಬಂದ್ರ ಮತ್ತ ಯಾರರ ನೋಡಾಕ ಬರ್ತಾರ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳ ಅತ್ತೆ ಮಾತ್ರ, "ನೀ ಇನ್ನ ಯಾರ ಮನಿ ಒರಸಾಕ ಹೊಂಟೀದಿ ತಂಗಿ?" ಎಂದು ಕೇಳಿದಳು. ಸಣ್ಣ ಹುಡುಗಿ ಈಗ ಚಹಾ ಕುಡಿಯುವುದಿಲ್ಲ. ನಾಲ್ಕು ತಿಂಗಳು ಬಿಳಿಯ ಚಹಾ ಕುಡಿದಿದ್ದರಿಂದ ಕರಿಯ ಚಹಾವನ್ನು ಕಪ್ಪು ನೀರು ಅನ್ನುತ್ತಾಳೆ. ಆಡು ಬರುವ ಮೊದಲು ಅವಳು ಅದನ್ನು ಕುಡಿಯುತ್ತಿದ್ದಳು. ಅವಳ ತಾಯಿಗೆ ಆಗ ಕೆಲಸವೂ ಇತ್ತು.

ಅಚ್ಚಿಗಾಗಿ:

'ಹಸಿದವರ ಪಂಕ್ತಿ'ಯ ಓದುಗರೇ,

ಮಾರ್ಚ್ 19ರ ಸಂಚಿಕೆಯಲ್ಲಿ ನೀವು ಬ್ಯಾಡಗಿಯ ಮರಿಯವ್ವನ ಬಗ್ಗೆ ಓದಿದಿರಿ. ಅವಳು ಹಾಲು ಮಾರಿಲ್ಲ. ಅವಳ ಅರ್ಜಿಯಲ್ಲಿ ಸುಳ್ಳು ಬರೆದವಳು ನಾನು. ಆ ಸುಳ್ಳನ್ನು ಬಾಯಿ ಮುಚ್ಚಿಕೊಂಡು ಕಾಯ್ದವಳು ಅವಳು. ಹಾಲು ನಿಂತದ್ದು ಅವಳ ಬೆರಳಿಗೆ ಹತ್ತಿದ ಮೆಣಸಿನಕಾಯಿಯಿಂದ. ಆಡನ್ನು ನೋಡಲು, ಅದರ ಕಿವಿ, ಕಣ್ಣು, ಕೆಚ್ಚಲು ನೋಡಲು ಸಂಸ್ಥೆಯವರು ಬಂದರು. ಅದನ್ನು ಹಿಂಡುವ ಕೈಯನ್ನು ಯಾರೂ ನೋಡಲಿಲ್ಲ. ಗೋಡೆಯ ಆಚೆಗಿದ್ದ ನಾನೂ ನೋಡಲಿಲ್ಲ.

ಈ ಮಾತು ಅಚ್ಚಾದರೆ ನಲವತ್ತು ಮನೆಗಳಿಗೆ ಬರಬೇಕಾದ ಆಡುಗಳು ಬರದೆ ಹೋಗಬಹುದು ಎನ್ನುತ್ತಾರೆ. ಇರಬಹುದು. ಆ ಮಕ್ಕಳು ನನ್ನ ಕಣ್ಣಿಗೂ ಕಾಣುತ್ತಾರೆ. ಅವರನ್ನು ನೆನೆಯದೆ ಇದನ್ನು ಬರೆದಿಲ್ಲ. ಅಚ್ಚಾಗದಿದ್ದರೆ ಮರಿಯವ್ವನಿಗೆ ಈ ಊರಿನ ಯಾವ ಅಂಗಳದ ಬಾಗಿಲೂ ತೆರೆಯುವುದಿಲ್ಲ. ಇದು 'ಇರಬಹುದು' ಅಲ್ಲ, ನಾನು ದಿನವೂ ನೋಡುತ್ತಿರುವುದು.

ಅವಳು ಕಳ್ಳಿಯಾಗಿ ಉಳಿದರೆ ಮಾತ್ರ ನಲವತ್ತು ಮನೆಗೆ ಹಾಲು ಎಂದಾದರೆ, ಆ ಹಾಲಿಗೆ ನಿಮ್ಮಲ್ಲಿ ಯಾರು ಹೌದು ಅನ್ನುತ್ತೀರಿ, ಅಂದವರು ನಿಮ್ಮ ಹೆಸರು, ಊರು, ಓಣಿ ಹಾಕಿ ಮರಿಯವ್ವನ ವಿಳಾಸಕ್ಕೇ ಒಂದು ಕಾರ್ಡು ಬರೆಯುತ್ತೀರಾ?